8 ಗಂಟೆ ತಂಪು ಅಂತ ಮಾರುವ ಕೂಲಿಂಗ್ ವೆಸ್ಟ್‌ಗೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಬೇಸಿಗೆ ಬೈಕ್ ರೈಡ್‌ಗೆ ಕೂಲಿಂಗ್ ವೆಸ್ಟ್ (ನೆನೆಸಿ ಹಾಕಿಕೊಳ್ಳುವ ತೋಳಿಲ್ಲದ ಅಂಗಿ) ಹುಡುಕುತ್ತಿರುವವರು ಒಂದು ನಿಮಿಷ ನಿಲ್ಲಿ. "ನೀರಲ್ಲಿ ಅದ್ದಿ, ಜಾಕೆಟ್ ಒಳಗೆ ಹಾಕಿ, 8 ಗಂಟೆ ತಂಪು, ಯಾವ ಹವೆಯಲ್ಲಾದರೂ 15 ಡಿಗ್ರಿ ಕಡಿಮೆ" ಅನ್ನುವ ಮಾತು ನಂಬಿ ನಾನು ದುಡ್ಡು ಕಳೆದುಕೊಂಡಿದ್ದೇನೆ. ಅದೂ ನೀರು ಆವಿಯಾದರೆ ಮಾತ್ರ ತಂಪು ಅನ್ನೋದು ಚೆನ್ನಾಗಿ ಗೊತ್ತಿದ್ದೂ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳುತ್ತೇನೆ, ಯಾಕೆಂದರೆ ಬೇಸಿಗೆ ಇನ್ನೂ ಮುಗಿದಿಲ್ಲ, ಅವರು ಇನ್ನೂ ಮಾರುತ್ತಿದ್ದಾರೆ.

ಮೊದಲು ಲೆಕ್ಕ. ಈ ವೆಸ್ಟ್ ಒಣಗಿದ್ದಾಗ 480 ಗ್ರಾಂ, ನೆನೆಸಿ ನೀರು ಸೋರೋದು ನಿಂತ ಮೇಲೆ 1100 ಗ್ರಾಂ. ಅಂದರೆ 620 ಗ್ರಾಂ ನೀರು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2.4 ಕಿಲೋಜೂಲ್ ಶಾಖ ಎಳೆದುಕೊಳ್ಳುತ್ತೆ. ಅಷ್ಟೂ ನೀರು ಆವಿಯಾದರೆ ಹತ್ತಿರ ಹತ್ತಿರ 1490 ಕಿಲೋಜೂಲ್. ಅದನ್ನು 8 ಗಂಟೆಗೆ ಹಂಚಿ ನೋಡಿ: 52 ವ್ಯಾಟ್. ಸುಮ್ಮನೆ ಕೂತಿರುವ ಮನುಷ್ಯನ ಮೈಯೇ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತೆ. ಅದರ ಮೇಲೆ ಬಿಸಿಲು, ಇಂಜಿನ್ ಬಿಸಿ, ಕಾದ ಟಾರು. ಆ 52ರಲ್ಲೂ ಒಂದು ಪಾಲು ಹೊರಗಿನ ಬಿಸಿಗಾಳಿಯನ್ನು ತಣಿಸೋಕೇ ಖರ್ಚಾಗುತ್ತೆ. ಹಾಗಾಗಿ ವೆಸ್ಟ್ ನಿಜವಾಗಿ ತಂಪು ಮಾಡಿದರೆ ಎರಡು ಮೂರು ಗಂಟೆಯಲ್ಲಿ ಒಣಗಲೇಬೇಕು. 8 ಗಂಟೆ ಒದ್ದೆಯಾಗಿಯೇ ಇದ್ದರೆ ಅದು ಕೆಲಸ ಮಾಡಿಲ್ಲ ಅಂತಲೇ ಅರ್ಥ. "8 ಗಂಟೆ ಒದ್ದೆ ಇರುತ್ತೆ" ಅನ್ನೋದನ್ನೇ "8 ಗಂಟೆ ತಂಪು" ಅಂತ ಮಾರಿದ್ದಾರೆ. ಇಲ್ಲೇ ನನಗೆ ಟೋಪಿ ಬಿದ್ದಿದ್ದು.

ಇನ್ನು "ಯಾವ ಹವೆಯಲ್ಲಾದರೂ". ಒದ್ದೆ ಬಟ್ಟೆ ಎಷ್ಟೇ ತಣ್ಣಗಾದರೂ ಆ ಗಾಳಿಯ ವೆಟ್ ಬಲ್ಬ್ ತಾಪಕ್ಕಿಂತ, ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಗಾಳಿಯಲ್ಲಿ ತೋರಿಸುವ ತಾಪಕ್ಕಿಂತ, ಕೆಳಗೆ ಇಳಿಯಲ್ಲ. ಗಾಳಿ 40 ಡಿಗ್ರಿ, ತೇವ ಶೇ. 20 ಇದ್ದರೆ ಆ ಮಿತಿ ಸುಮಾರು 23 ಡಿಗ್ರಿ. ಅಲ್ಲಿ 15 ಡಿಗ್ರಿ ಅನ್ನೋ ಮಾತಿಗೆ ಒಂದಿಷ್ಟು ಅರ್ಥ ಇದೆ, ಒಪ್ಪುತ್ತೇನೆ. ಅದೇ 35 ಡಿಗ್ರಿ, ತೇವ ಶೇ. 75 ಇದ್ದರೆ ಮಿತಿ 31. ನಾಲ್ಕೇ ಡಿಗ್ರಿ! ಅದೂ ಗಾಳಿ ನೇರವಾಗಿ ಬಟ್ಟೆಗೆ ಬಡಿದರೆ. ಜಾಕೆಟ್ ಒಳಗೆ ಅದೂ ಇಲ್ಲ.

ತೇವದ ಹವೆಯಲ್ಲಿ, ಮೆಶ್ (ಗಾಳಿ ಆಡುವ ಜಾಲರಿ ಬಟ್ಟೆ) ಜಾಕೆಟ್ ಒಳಗೆ ಎರಡು ಗಂಟೆ ಹಾಕಿಕೊಂಡು ಓಡಿಸಿ ಮತ್ತೆ ತೂಕ ಮಾಡಿದೆ. ಕಡಿಮೆಯಾಗಿದ್ದು 90 ಗ್ರಾಂ. ಎರಡು ಗಂಟೆಗೆ 90 ಗ್ರಾಂ! 30 ವ್ಯಾಟ್ ಆಯಿತು. ಅದಕ್ಕಿಂತ ಕೆಟ್ಟದ್ದು ಒಳಗಿನ ಪದರ. ಮೈ ಒದ್ದೆಯಾಗಬಾರದು ಅಂತ ಒಳಬದಿಗೆ ನೀರು ದಾಟದ ಲೈನಿಂಗ್ ಹಾಕಿದ್ದಾರೆ. ಎದೆ, ಬೆನ್ನಿನ ಬೆವರು ಹೊರಗೆ ಹೋಗಲ್ಲ, ಒಣಗಲ್ಲ, ಹಾಗೇ ಹರಿದು ಪ್ಯಾಂಟಿಗೆ ಇಳಿಯುತ್ತೆ. ವೆಸ್ಟ್ ಹಾಕದೆ ಇದ್ದಿದ್ದರೆ ಮೈ ತನ್ನ ಪಾಡಿಗೆ ತಾನು ತಣ್ಣಗಾಗುತ್ತಿತ್ತು.

ಇಷ್ಟಾದ ಮೇಲೆ ಒಳಹೊಲಿಗೆಯಲ್ಲಿ ಮಡಚಿಕೊಂಡಿದ್ದ ಲೇಬಲ್ ಕಣ್ಣಿಗೆ ಬಿತ್ತು. "ಒಣ ಹವೆಯಲ್ಲಿ, ಗಾಳಿ ಆಡುವಾಗ ಮಾತ್ರ ಪರಿಣಾಮಕಾರಿ." ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ "ನೆನೆಸಿದ ನಂತರ ವಾಪಸ್ ಪಡೆಯುವುದಿಲ್ಲ." ಎರಡೂ ಸಾಲು ಜಾಹೀರಾತಲ್ಲಿ ಇಲ್ಲ, ಪೆಟ್ಟಿಗೆ ಮೇಲೂ ಇಲ್ಲ. ನೆನೆಸದೆ ಪರೀಕ್ಷೆ ಮಾಡೋಕೆ ಆಗಲ್ಲ, ನೆನೆಸಿದರೆ ವಾಪಸ್ ಇಲ್ಲ. ಆ ಲೇಬಲ್ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಮೈ ಉರಿದುಹೋಯಿತು.

ದೂರು ಹೇಳಿದಾಗ ಮಾರಿದವರು ಕೊಟ್ಟ ಉತ್ತರಗಳನ್ನು ಹಾಗೇ ಕೊಡುತ್ತೇನೆ. ಮೊದಲನೇದು: "ಸರ್, ನೀವು ಸರಿಯಾಗಿ ನೆನೆಸಿಲ್ಲ. 20 ನಿಮಿಷ ನೆನೆಸಿ." ಜಾಹೀರಾತಲ್ಲಿ 2 ನಿಮಿಷ ಅಂತಿದೆ. 20 ನಿಮಿಷ ನೆನೆಸಿದೆ, ಹೆಚ್ಚಾಗಿದ್ದು ಭಾರ ಮಾತ್ರ. ಎರಡನೇದು: "ಫ್ರೀಜರ್‌ನಲ್ಲಿಟ್ಟು ಹಾಕಿಕೊಳ್ಳಿ ಸರ್." ದಾರಿ ಮಧ್ಯೆ ಫ್ರೀಜರ್ ಎಲ್ಲಿಂದ ತರೋದು? ಅದೂ ಅಲ್ಲದೆ ಒದ್ದೆ ವೆಸ್ಟ್ ಹೆಪ್ಪುಗಟ್ಟಿದರೆ ಹಲಗೆ ಥರ ಆಗುತ್ತೆ, ಮೈಗೆ ಅಂಟಿ ಕೂರಲ್ಲ. ಮೂರನೇದು: "ಜಾಕೆಟ್ ಒಳಗೆ ಯಾಕೆ ಹಾಕಿದಿರಿ? ಮೇಲೆ ಹಾಕಬೇಕು." ಅವರ ಫೋಟೋದಲ್ಲೇ ಜಾಕೆಟ್ ಒಳಗಿದೆ! ಮೇಲೆ ಹಾಕಿದರೆ ತಣ್ಣಗಾಗೋದು ಜಾಕೆಟ್ಟು, ಮೈ ಅಲ್ಲ. ನಡುವೆ ದಪ್ಪ ಬಟ್ಟೆ, ಆರ್ಮರ್ (ಬಿದ್ದಾಗ ಪೆಟ್ಟು ತಡೆಯುವ ಪ್ಯಾಡ್) ಎಲ್ಲ ಇದೆ. ನಾಲ್ಕನೇದು: "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ." ಜಾಕೆಟ್ ಒಳಗೆ ವೆಸ್ಟ್ ಇರುವ ಅವರದೇ ಫೋಟೋ ಕಳಿಸಿದ ಮೇಲೆ: "ನೆನೆಸಿದ ಮಾಲು ವಾಪಸ್ ತಗೊಳ್ಳಲ್ಲ ಸರ್, ಲೇಬಲ್ ಓದಬೇಕಿತ್ತು."

ಓದಬೇಕಿತ್ತಂತೆ.

ದುಡ್ಡು ಹೋಗಲಿ. ವೆಸ್ಟ್ ಇದೆಯಲ್ಲ ಅನ್ನೋ ಧೈರ್ಯದಲ್ಲಿ ನೀರು ಕಡಿಮೆ ಕುಡಿದು, ನಿಲ್ಲಬೇಕಾದ ಕಡೆ ನಿಲ್ಲದೆ ಓಡಿಸುವವರ ಗತಿ ಏನು? ತಲೆನೋವು, ಓಕರಿಕೆ ಶುರುವಾದರೆ ಮೈ ಸೋತಿದೆ ಅಂತ. ಆಗಲೇ ನೆರಳಿಗೆ ಹೋಗಿ, ಹೆಲ್ಮೆಟ್, ಜಾಕೆಟ್ ತೆಗೆದು, ಮೈಗೆ ನೀರು ಸುರಿದು ಗಾಳಿ ಬೀಸಬೇಕು. ಗೇರ್ ಹಾಕೋದರಲ್ಲೂ ಗೊಂದಲವಾದರೆ, ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಇನ್ನೂ ಬೆವರುತ್ತಿದ್ದಾನಲ್ಲ ಅಂತ ಸುಮ್ಮನಿರಬೇಡಿ, ಬೆವರುತ್ತಿರುವಾಗಲೂ ಹೀಟ್ ಸ್ಟ್ರೋಕ್ ಆಗುತ್ತೆ.

ಒಣ ಹವೆಯಾದರೆ ಈ ವೆಸ್ಟ್ ಬೇಕೇ ಇಲ್ಲ. ಉದ್ದ ತೋಳಿನ ಹತ್ತಿ ಅಂಗಿ ಪೂರ್ತಿ ನೆನೆಸಿ, ಮೇಲೆ ಜಾಕೆಟ್ ಹಾಕಿ. ಗಾಳಿ 35 ಡಿಗ್ರಿ ದಾಟಿದ ಮೇಲೆ ಚರ್ಮಕ್ಕಿಂತ ಗಾಳಿಯೇ ಬಿಸಿ, ಹಾಗಾಗಿ ಎದೆಯನ್ನು ಪೂರ್ತಿ ಗಾಳಿಗೆ ಒಡ್ಡಬೇಡಿ. ಮೈತುಂಬ ಮೆಶ್ ಇದ್ದರೆ ಅಂಗಿ 20 ನಿಮಿಷಕ್ಕೇ ಒಣಗಿಬಿಡುತ್ತೆ. ತೋಳಿನ ತೂತು, ಬೆನ್ನಿನ ತೂತು ಮಾತ್ರ ತೆರೆದಿಟ್ಟರೆ ಒದ್ದೆ ಹೆಚ್ಚು ಹೊತ್ತು ನಿಲ್ಲುತ್ತೆ. ಕುತ್ತಿಗೆಗೆ ಒದ್ದೆ ಬಟ್ಟೆ, ಅದರ ತುದಿ ಗಾಳಿಗೆ ಹಾರದಂತೆ ಜಾಕೆಟ್ ಒಳಗೆ. ಅರ್ಧ ಗಂಟೆಗೊಮ್ಮೆ ಮತ್ತೆ ನೆನೆಸಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಗುಟುಕು ಗುಟುಕಾಗಿ. ದಿನವಿಡೀ ಬೆವರಿದರೆ ನಡುನಡುವೆ ಓಆರ್‌ಎಸ್. ತೇವದ ಹವೆಯಾದರೆ ಬೆಳಗಿನ ಜಾವ ಹೊರಟು ಬಿಸಿಲೇರುವ ಮುಂಚೆ ನಿಲ್ಲೋದೊಂದೇ ದಾರಿ. ಐಸ್ ಪ್ಯಾಕ್ ತುಂಬುವ ವೆಸ್ಟ್‌ಗೆ ಗಾಳಿಯ ತೇವದ ಹಂಗಿಲ್ಲ, ನಿಜ. ಆದರೆ ಒಂದು ಕಿಲೋ ಐಸ್ ಕರಗುವಾಗ ಎಳೆಯೋದು 334 ಕಿಲೋಜೂಲ್ ಮಾತ್ರ. 100 ವ್ಯಾಟ್ ಲೆಕ್ಕಕ್ಕೆ ಒಂದು ಗಂಟೆಯೂ ಬರಲ್ಲ. ಅದಕ್ಕೂ "ದಿನವಿಡೀ" ಅಂತ ಬರೆದಿರುತ್ತಾರೆ, ನೋಡಿ.

ಕೊಳ್ಳಲೇಬೇಕು ಅಂತಿದ್ದರೆ ದುಡ್ಡು ಕಳಿಸುವ ಮುಂಚೆ ಬರವಣಿಗೆಯಲ್ಲಿ ಕೇಳಿ: ಒಣ ತೂಕ ಎಷ್ಟು, ನೆನೆದ ತೂಕ ಎಷ್ಟು, ಎಷ್ಟು ತೇವದ ಹವೆಯಲ್ಲಿ ಪರೀಕ್ಷೆ ಮಾಡಿದ್ದೀರಿ, ನೆನೆಸಿದ ಮೇಲೂ ವಾಪಸ್ ತಗೊಳ್ತೀರಾ. ಇವೇ ನಾಲ್ಕು ಪ್ರಶ್ನೆ ನಾನು ಅವರಿಗೆ ಕಳಿಸಿ 11 ದಿನ ಆಯಿತು. ಓದಿದ ಗುರುತು ಕಾಣುತ್ತಿದೆ, ಉತ್ತರ ಬಂದಿಲ್ಲ.