ಪಿ0420 ಕೋಡ್ ಬಂದಾಗ ನನ್ನ ಬ್ಲೂಟೂತ್ ಸ್ಕ್ಯಾನರ್ ಎಷ್ಟು ಕೆಲಸಕ್ಕೆ ಬಂತು

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಟ್ರಕ್ ಇಟ್ಟುಕೊಂಡವರ ಹತ್ತಿರ ಇರಲೇಬೇಕಾದ ಸಾಮಾನು ಇದು. ಬೆಂಕಿಪೊಟ್ಟಣದಷ್ಟಿರುವ ಒಬಿಡಿ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಾಧನ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿ ಫೋನಿನಲ್ಲಿ ಆ್ಯಪ್ ತೆರೆದರೆ ಆಯಿತು.

ನನ್ನ ಟ್ರಕ್ಕಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತ್ತು. ಕೋಡ್ ಪಿ0420, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಗಾಡಿಯ ಕಂಪ್ಯೂಟರಿಗೆ ಅನುಮಾನ. ಗ್ಯಾರೇಜಿನವರು ಕೋಡ್ ನೋಡಿದವರೇ ಕನ್ವರ್ಟರ್ ಬದಲಾಯಿಸಿ ಅಂದರು. ಒಳಗೆ ಪ್ಲಾಟಿನಂ, ರೋಡಿಯಂ ಇರುವ ದುಬಾರಿ ಭಾಗ ಅದು. ಅನುಮಾನದ ಮೇಲೆ ಸುಮ್ನೆ ಬದಲಾಯಿಸುವಂಥದ್ದಲ್ಲ.

ಕೋಡ್ ಅನ್ನು ಯಾವ ಸ್ಕ್ಯಾನರ್ ಆದರೂ ಓದುತ್ತದೆ. ನನಗೆ ಇದು ಇಷ್ಟವಾಗಿದ್ದು ಲೈವ್ ಗ್ರಾಫಿಗೆ. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ; ಹೊಗೆಯಲ್ಲಿ ಆಕ್ಸಿಜನ್ ಹೆಚ್ಚಿದ್ದರೆ ಅದರ ವೋಲ್ಟೇಜ್ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡನ್ನೂ ಒಂದೇ ಗ್ರಾಫಿಗೆ ಹಾಕಿ. ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಕುಣಿಯುತ್ತಿರಬೇಕು. ಹಿಂದಿನದು 0.6, 0.7ರ ಆಸುಪಾಸು ಹೆಚ್ಚೂಕಮ್ಮಿ ಅಲ್ಲಾಡದೆ ನಿಲ್ಲಬೇಕು. ಅದೂ ಮುಂದಿನದರ ಹಾಗೇ ಕುಣಿದರೆ ಕನ್ವರ್ಟರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಹೊಸ ಗಾಡಿಗಳಲ್ಲಿ ಮುಂದಿನದು ಏರ್ ಫ್ಯೂಯಲ್ ಸೆನ್ಸರ್ (ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ಬೇರೆ ಬಗೆಯದು) ಆಗಿದ್ದರೆ ಹೀಗೆ ಕುಣಿಯುವುದಿಲ್ಲ, ಆಗ ಹಿಂದಿನದರ ಮೇಲೆ ಕಣ್ಣಿಡಿ.

ನನ್ನ ಗಾಡಿಯಲ್ಲಿ ಐಡಲ್‌ನಲ್ಲಿ ಹಿಂದಿನ ಗೆರೆ ಆಗಾಗ ದೊಪ್ಪನೆ 0.1ಕ್ಕೆ ಬೀಳುತ್ತಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ 0.7ಕ್ಕೆ ಏರಿ ತೆಪ್ಪಗೆ ನಿಲ್ಲುತ್ತಿತ್ತು. ಕನ್ವರ್ಟರೇ ಹೋಗಿದ್ದರೆ ಹೊಗೆ ಜಾಸ್ತಿಯಾದಾಗ ಇನ್ನೂ ಕುಣಿಯಬೇಕಿತ್ತು, ಅಲ್ವಾ? ಎಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಕೆಳಗೆ ನೋಡಿದೆ. ಹಿಂದಿನ ಸೆನ್ಸರಿಗೆ ಸ್ವಲ್ಪ ಮುಂಚೆ, ಪೈಪಿನ ಜಾಯಿಂಟ್ ಸುತ್ತ ಕಪ್ಪು ಮಸಿ ಹಿಡಿದಿತ್ತು. ಪ್ಯಾಕಿಂಗ್ ಸುಟ್ಟು ಹೋಗಿ ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತಿತ್ತು. ಆ ಗಾಳಿಯ ಆಕ್ಸಿಜನ್ನೇ ಸೆನ್ಸರಿನ ದಾರಿ ತಪ್ಪಿಸಿದ್ದು. ಹೊಸ ಪ್ಯಾಕಿಂಗ್ ಹಾಕಿಸಿದೆ. ಹಳೇ ಕನ್ವರ್ಟರೇ ಈಗಲೂ ಇದೆ, ಲೈಟ್ ಮತ್ತೆ ಬಂದಿಲ್ಲ.

ಪಿ0300 ಸಾಲಿನ ಮಿಸ್‌ಫೈರ್ (ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅನ್ನುವ) ಕೋಡ್ ಜೊತೆಗಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಹೊಸ ಕನ್ವರ್ಟರ್ ಹಾಕಿದರೂ ಸುಡದ ಪೆಟ್ರೋಲ್ ಅದನ್ನೂ ಹಾಳು ಮಾಡುತ್ತದೆ.

ಕೊರತೆಗಳೂ ಇವೆ. ಬ್ಲೂಟೂತ್ ಕೆಲವೊಮ್ಮೆ ನಡುವೆ ಕೈಕೊಡುತ್ತದೆ. ನಾಲ್ಕೈದು ಸೆನ್ಸರ್ ಒಟ್ಟಿಗೆ ಹಾಕಿದರೆ ಗ್ರಾಫ್ ತೀರಾ ನಿಧಾನವಾಗುತ್ತದೆ, ಎರಡೇ ಇಟ್ಟುಕೊಳ್ಳಿ. ಎಬಿಎಸ್, ಏರ್‌ಬ್ಯಾಗ್ ಕೋಡ್ ಓದುವುದಿಲ್ಲ. ಗಾಡಿ ನಿಲ್ಲಿಸಿದ ಮೇಲೆ ತೆಗೆದಿಡಿ, ಬ್ಯಾಟರಿ ತಿನ್ನುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಕೊಂಡವರು ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಲೈಟ್ ಹತ್ತಿದಾಗ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸ್ಪೀಡಿನಲ್ಲಿದ್ದಿರಿ ಎಲ್ಲ ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.