ಅಂಬಾಸಿಡರ್‌ಗೆ ಟ್ಯಾಪೆಟ್ ಸೆಟ್ಟಿಂಗ್: ಬನ್ನಿಮಂಟಪದ ಬೋರ್ಡಿಲ್ಲದ ಶೆಡ್

ಈ ಶೆಡ್‌ಗೆ ಬೋರ್ಡ್ ಇಲ್ಲ, ಹಾಗಾಗಿ ಮೊದಲು ಗುರುತು ಹೇಳಿಬಿಡುತ್ತೇನೆ. ಮೈಸೂರಿನ ಬನ್ನಿಮಂಟಪದ ಕಡೆ, ಒಂದು ವೆಲ್ಡಿಂಗ್ ಅಂಗಡಿಯ ಪಕ್ಕ, ತಗಡಿನ ಮಾಡು. ಮುಂದೆ ಚಕ್ರ ಬಿಚ್ಚಿದ ಒಂದು ಪದ್ಮಿನಿ ಇಟ್ಟಿಗೆ ಮೇಲೆ ಕೂತಿದೆ, ಅದು ನಾನು ನೋಡಿದಾಗಿನಿಂದ ಅಲ್ಲೇ ಇದೆ. ಒಳಗೆ ಅರವತ್ತು ದಾಟಿದ ಮೇಸ್ತ್ರಿ, ಜೊತೆಗೆ ಒಬ್ಬ ಹುಡುಗ. ಅಷ್ಟೇ ಸಂಸಾರ.

ನನ್ನದು 1984ರ ಅಂಬಾಸಿಡರ್, ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್. ಹೋದ ವರ್ಷ ಅದು ಹೊಲಿಗೆ ಮೆಷಿನ್ ಥರ ಟಿಕ್ ಟಿಕ್ ಅಂತಿತ್ತು. ಅದಕ್ಕೆ ಬೇಕಿದ್ದದ್ದು ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಎಂಜಿನ್‌ನೊಳಗೆ ಗಾಳಿ-ಪೆಟ್ರೋಲ್ ಬಿಡುವ, ಸುಟ್ಟ ಹೊಗೆ ಹೊರಗೆ ಬಿಡುವ (ಎಕ್ಸಾಸ್ಟ್) ವಾಲ್ವ್‌ಗಳ ಮೇಲಿನ ಸಣ್ಣ ಗ್ಯಾಪ್ ಸರಿ ಮಾಡುವುದು. ಮನೆ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ (ಹೆಸರು ಬೇಡ ಬಿಡಿ). ಎಂಜಿನ್ ಬಿಸಿ ಇರುವಾಗಲೇ ಕವರ್ ತೆಗೆದು, ಗೇಜೂ ಇಲ್ಲ ಏನೂ ಇಲ್ಲ, ಬರೀ ಸ್ಕ್ರೂಡ್ರೈವರ್ ಹಿಡಿದು ಸದ್ದು ನಿಲ್ಲುವ ತನಕ ತಿರುಗಿಸಿ, ಅರ್ಧ ಗಂಟೆಯಲ್ಲಿ ಕೀ ಕೈಗೆ ಕೊಟ್ಟರು. ಗಾಡಿ ಎಷ್ಟು ಸೈಲೆಂಟ್ ಆಯಿತು ಅಂದ್ರೆ ನಾನು ಖುಷಿಯಿಂದ ಹುಡುಗರಿಗೆ ಟೀಗೆ ಅಂತ ಮೇಲೆ ದುಡ್ಡು ಬೇರೆ ಕೊಟ್ಟು ಬಂದೆ.

ಎರಡು ತಿಂಗಳಾಯಿತು. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗಲು ಶುರು. ಚಾಮುಂಡಿ ಬೆಟ್ಟಕ್ಕೆ ಥರ್ಡ್ ಗೇರ್‌ನಲ್ಲಿ ಹತ್ತುತ್ತಿದ್ದ ಕಡೆ ಸೆಕೆಂಡ್ ಬೇಕಾಯಿತು. ಪ್ಲಗ್ ಬದಲಾಯಿಸಿದೆ, ಪಾಯಿಂಟ್ ಬದಲಾಯಿಸಿದೆ, ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ಆಮೇಲೆ ಒಬ್ಬ ಟ್ಯಾಕ್ಸಿ ಡ್ರೈವರ್ ಹೇಳಿದ್ದು ಈ ಶೆಡ್.

ಮೇಸ್ತ್ರಿ ಬೋನೆಟ್ ಕಡೆ ಹೋಗಲೇ ಇಲ್ಲ, ನೇರ ಹಿಂದಕ್ಕೆ ಹೋದರು. ಹಳೇ ಪೇಪರಿನ ಒಂದು ತುಂಡು ಹರಿದು, ಐಡ್ಲಿಂಗ್‌ನಲ್ಲಿ ಸೈಲೆನ್ಸರ್ ಪೈಪಿನ ಬಾಯಿಗೆ ಹಿಡಿದರು. ಪೇಪರ್ ಪಟಪಟ ಅಂತ ಹೊರಗೆ ಹಾರುತ್ತಾ ಮಧ್ಯೆ ಮಧ್ಯೆ ಚಪ್ ಅಂತ ಪೈಪಿಗೆ ಅಂಟಿಕೊಳ್ಳುತ್ತಿತ್ತು. "ನೋಡಿ ಸಾರ್, ಒಳಗೆ ಎಳೀತಿದೆ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ತಿಲ್ಲ. ಯಾರು ಟೈಟ್ ಮಾಡಿದ್ದು?" ನಾನು ಸುಮ್ನೆ ನಿಂತೆ.

ಕೆಲಸ ಮಾತ್ರ ಅವತ್ತು ಮಾಡಲಿಲ್ಲ. "ರಾತ್ರಿ ಇಲ್ಲೇ ಬಿಡಿ, ತಣ್ಣಗಾಗ್ಲಿ" ಅಂದರು. ಈ ಎಂಜಿನ್‌ಗೆ ಬೇಕಾದ ಗ್ಯಾಪ್ 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 0.38 ಮಿ.ಮೀ., ಅವರು ಅಳೆಯುವುದು ತಣ್ಣಗಿರುವಾಗಲೇ. ರಾಕರ್ (ವಾಲ್ವನ್ನು ಒತ್ತಿ ತೆರೆಯುವ ತೋಳು) ತುದಿಗೂ ವಾಲ್ವ್ ಕಾಂಡಕ್ಕೂ ನಡುವೆ ಇರಬೇಕಾದ ಜಾಗ ಇದು. ಬಿಸಿಯಾದಾಗ ವಾಲ್ವ್ ಉದ್ದ ಆಗುತ್ತದೆ. ಜಾಗ ಇಲ್ಲದಿದ್ದರೆ ಅದು ತನ್ನ ಸೀಟಿನ (ಮುಚ್ಚಿದಾಗ ವಾಲ್ವ್ ಒತ್ತಿ ಕೂರುವ ಅಂಚು) ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಜಾಸ್ತಿ ದಾಟಿಸುವುದೇ ಸೀಟಿನ ಮೂಲಕ. ಕೂರದಿದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ, ಸಂದಿಯಲ್ಲಿ ಬೆಂಕಿಯಂಥ ಗ್ಯಾಸ್ ನುಗ್ಗುತ್ತದೆ, ಅಂಚು ಸುಡುತ್ತದೆ, ಕೊನೆಗೆ ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಬಿಚ್ಚಬೇಕು. ಗ್ಯಾಪ್ ಜಾಸ್ತಿಯಾದರೆ ಸದ್ದು ಬರುತ್ತದೆ, ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಸ್ವಲ್ಪ ಪವರ್ ಕಡಿಮೆ. ಸದ್ದು ಬಂದರೆ ನಮಗೆ ಗೊತ್ತಾದರೂ ಆಗುತ್ತದೆ. ಟೈಟ್ ಇದ್ದರೆ ಅದು ಸುದ್ದಿಯೇ ಕೊಡಲ್ಲ.

ಬೆಳಗ್ಗೆ ಎಂಟಕ್ಕೆ ಹೋದೆ, ನೋಡೋಣ ಅಂತ. ಪ್ಲಗ್ ನಾಲ್ಕೂ ಬಿಚ್ಚಿದ್ದರು. ಹುಡುಗ ಒಂದು ಕೈಯಲ್ಲಿ ಬೆಲ್ಟ್ ಅದುಮಿ ಇನ್ನೊಂದು ಕೈಯಲ್ಲಿ ಫ್ಯಾನ್ ತಿರುಗಿಸುತ್ತಾ ಲೆಕ್ಕ ಹೇಳುತ್ತಿದ್ದ. ರೇಡಿಯೇಟರ್ ಕಡೆಯಿಂದ ವಾಲ್ವ್ ಒಂದರಿಂದ ಎಂಟು. ಯಾವುದು ಪೂರ್ತಿ ಕೆಳಗೆ ಹೋಗಿದೆಯೋ ಆ ನಂಬರನ್ನು ಒಂಬತ್ತರಲ್ಲಿ ಕಳೆಯಿರಿ, ಉಳಿದ ನಂಬರಿನ ವಾಲ್ವ್ ಅಳೆಯಿರಿ. "ಒಂದು ಕೆಳಗೆ, ಎಂಟು ನೋಡಿ. ಮೂರು ಕೆಳಗೆ, ಆರು ನೋಡಿ." ಮಗ್ಗಿ ಒಪ್ಪಿಸಿದ ಹಾಗೆ. ಅವನ ವಯಸ್ಸಿಗೆ ನನಗೆ ಹದಿಮೂರರ ಮಗ್ಗಿಯೂ ಬರುತ್ತಿರಲಿಲ್ಲ.

ಒಂದು, ನಾಲ್ಕು, ಐದು, ಎಂಟು ಎಕ್ಸಾಸ್ಟ್. ಅದರಲ್ಲಿ ನಾಲ್ಕನೇದು 8 ಥೌ ಇತ್ತು. ಐದನೇದಕ್ಕೆ 4 ಥೌ ಪಟ್ಟಿಯೂ (ಗ್ಯಾಪ್ ಅಳೆಯುವ ತೆಳು ತಗಡು) ತಳ್ಳಿ ತಳ್ಳಿ ಹೋಯಿತು. ಬೇಕಾದ್ದು ಹದಿನೈದು! ಅದನ್ನು ಹಾಕಿಕೊಂಡು ನಾನು ಬೆಟ್ಟ ಹತ್ತುತ್ತಿದ್ದೆ.

ಸೆಟ್ ಮಾಡುವುದನ್ನು ಹತ್ತಿರದಿಂದ ನೋಡಿದೆ. ಲಾಕ್ ನಟ್ ಸಡಿಲ ಮಾಡಿ, ಪಟ್ಟಿ ಒಳಗೆ ಬಿಟ್ಟು, ಸ್ಕ್ರೂ ಅಷ್ಟಷ್ಟೇ ತಿರುಗಿಸುತ್ತಾ ಪಟ್ಟಿಯನ್ನು ಹಿಂದೆ ಮುಂದೆ ಎಳೆಯುತ್ತಾರೆ. "ಹೋಗ್ಬೇಕು, ಆದ್ರೆ ಹಿಡ್ಕೋಬೇಕು" ಅಂತ ಪಟ್ಟಿಯ ತುದಿ ನನ್ನ ಕೈಗೇ ಕೊಟ್ಟರು. ದಪ್ಪ ಪುಸ್ತಕದ ನಡುವಿಂದ ಬಸ್ ಟಿಕೆಟ್ ಎಳೆದ ಹಾಗಿತ್ತು. ಆಮೇಲೆ ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂನೂ ಜೊತೆಗೆ ತಿರುಗುತ್ತದೆ, ಅದಕ್ಕೆ ಸ್ಕ್ರೂಡ್ರೈವರ್ ಗಟ್ಟಿ ಹಿಡಿದು ಬಿಗಿ ಮಾಡಿ, ಮತ್ತೆ ಅಳೆದರು. ಎಂಟಕ್ಕೆ ಎಂಟೂ, ಬಿಗಿ ಮಾಡಿದ ಮೇಲೆ ಇನ್ನೊಂದು ಸಲ. ಮೂರನೇದು ಎರಡು ಸಲ ಕೈಕೊಟ್ಟಿತು, ಮೂರನೇ ಸಲಕ್ಕೆ ಸರಿಯಾಯಿತು.

ಆರನೇದರ ಕಥೆ ಬೇರೆ. ಅಳತೆ ಸರಿ ಇದ್ದರೂ ಸದ್ದು. ರಾಕರ್ ತುದಿಗೆ ಟಾರ್ಚ್ ಹಾಕಿ ತೋರಿಸಿದರು, ವಾಲ್ವ್ ಬಡಿದು ಬಡಿದು ಅಲ್ಲಿ ಸಣ್ಣ ಗುಳಿ ಬಿದ್ದಿದೆ. ಅಗಲವಾದ ಪಟ್ಟಿ ಗುಳಿಯ ಎರಡು ದಡದ ಮೇಲೆ ಸೇತುವೆ ಥರ ಕೂರುತ್ತದೆ, ಗುಳಿಯ ಆಳ ಲೆಕ್ಕಕ್ಕೇ ಬರಲ್ಲ. ಇದಕ್ಕೆಂದೇ ಅವರು 15 ಥೌ ಪಟ್ಟಿಯೊಂದನ್ನು ಉದ್ದಕ್ಕೆ ಕತ್ತರಿಸಿ, ಗುಳಿಯೊಳಗೆ ಹೋಗುವಷ್ಟು ಸಣ್ಣ ಮಾಡಿ, ಬೀಡಿ ಕಟ್ಟಿನ ದಾರದಲ್ಲಿ ಡಬ್ಬಿಗೆ ಕಟ್ಟಿಟ್ಟಿದ್ದಾರೆ. ಆ ಒಂದು ತುಂಡು ತಗಡು ನೋಡಿದ ಮೇಲೆ ನನಗೆ ಬೇರೆ ಸರ್ಟಿಫಿಕೇಟ್ ಬೇಕಾಗಲಿಲ್ಲ.

ಟೀ ಕುಡಿಯುವಾಗ ಸೀಸದ ವಿಷಯ ಬಂತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲೇ. ಹಳೇ ಪೆಟ್ರೋಲಿನ ಸೀಸ ವಾಲ್ವ್ ಸೀಟಿಗೆ ಒಂದು ಪದರ ಕಟ್ಟಿ ಕಾಪಾಡುತ್ತಿತ್ತು. ಈ ಎಂಜಿನ್‌ಗಳ ಹೆಡ್‌ನಲ್ಲಿ ಗಟ್ಟಿ ಸೀಟ್ ಹಾಕಿಸದಿದ್ದರೆ, ಜೋರಾಗಿ ಓಡಿಸಿದಷ್ಟೂ ಎಕ್ಸಾಸ್ಟ್ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ, ಗ್ಯಾಪ್ ತಾನಾಗೇ ಕಡಿಮೆ ಆಗುತ್ತಾ ಬರುತ್ತದೆ. ಅದಕ್ಕೇ ಇವರು ಹೈವೇ ಗಾಡಿಗಳಿಗೆ "ಸದ್ದು ಬರೋ ತನಕ ಕಾಯ್ಬೇಡಿ" ಅನ್ನುವುದು.

ಈಗ ಬೈಯುವ ಭಾಗ. ಟ್ಯಾಪೆಟ್ ಕವರ್‌ಗೆ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಿದ್ದರು, ಮೂರನೇ ದಿನಕ್ಕೇ ಆಯಿಲ್ ಜಿನುಗಿ ಮ್ಯಾನಿಫೋಲ್ಡ್ (ಬಿಸಿ ಹೊಗೆ ಹೋಗುವ ಕೊಳವೆ) ಮೇಲೆ ಬಿದ್ದು ಕಾರೊಳಗೆಲ್ಲ ಸುಟ್ಟ ವಾಸನೆ. ಹುಡುಗ ಎರಡೂ ನಟ್ ಅಗತ್ಯಕ್ಕಿಂತ ಬಿಗಿ ಮಾಡಿ ಗ್ಯಾಸ್ಕೆಟ್ ಹಿಂಡಿಬಿಟ್ಟಿದ್ದ. ಮತ್ತೆ ಹೋದೆ, ಫ್ರೀಯಾಗಿ ಬದಲಾಯಿಸಿಕೊಟ್ಟರು, ಆದರೆ ನನ್ನ ಒಂದು ರಜೆ ಅದಕ್ಕೇ ಹೋಯಿತು. ಬಿಲ್ ಕೊಡಲ್ಲ. ಫೋನ್ ಮಾಡಿದರೆ ಎತ್ತಲ್ಲ. ಕೂರಲು ಒಂದು ಟೈರ್ ಬಿಟ್ಟರೆ ಏನೂ ಇಲ್ಲ. ಮತ್ತೆ ಮೇಸ್ತ್ರಿಗೆ ಮಾತು ಜಾಸ್ತಿ, ನಿಮಗೆ ಅರ್ಜೆಂಟ್ ಇದ್ದರೆ ಇಲ್ಲಿಗೆ ಹೋಗಲೇಬೇಡಿ. ಕೂಲಿ 800 ರೂಪಾಯಿ ತೆಗೆದುಕೊಂಡರು, ಗ್ಯಾಸ್ಕೆಟ್ ಬೇರೆ. ಅರ್ಧ ದಿನದ ಕೆಲಸಕ್ಕೆ ಅದು ಕಡಿಮೆಯೇ.

ನೀವೇ ಮಾಡಿಕೊಳ್ಳುವವರಿಗೆ ಒಂದು ಮಾತು. ಫೀಲರ್ ಗೇಜ್ (ಆ ಅಳತೆ ಪಟ್ಟಿಗಳ ಸೆಟ್) ತೆಗೆದುಕೊಳ್ಳುವಾಗ ಇಂಚಿನ ಅಳತೆ ಇರುವುದನ್ನೇ ಕೇಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 20 ಪಟ್ಟಿಯ ಮಿಲಿಮೀಟರ್ ಸೆಟ್‌ನಲ್ಲಿ 0.35 ಇದೆ, 0.40 ಇದೆ, 0.38 ಇಲ್ಲ. ನಾನು ಹಾಗೇ ಒಂದು ತಂದು ಮೂಲೆಗೆ ಹಾಕಿದ್ದೇನೆ.

500 ಕಿಲೋಮೀಟರ್ ಆದ ಮೇಲೆ ತೋರಿಸಿ ಅಂದಿದ್ದರು, ಹೋದೆ. ಐದನೇದು 14ಕ್ಕೆ ಬಂದಿತ್ತು, ಮಿಕ್ಕಿದ್ದೆಲ್ಲ ಹಾಗೇ ಇತ್ತು. ಪೈಪಿಗೆ ಮತ್ತೆ ಪೇಪರ್ ಹಿಡಿದರು, ಈ ಸಲ ಒಂದೇ ಸಮ ಹೊರಗೆ ಹಾರಿತು. ವಾಲ್ವ್ ಸುಟ್ಟಿಲ್ಲ, ಹೆಡ್ ಬಿಚ್ಚುವುದು ತಪ್ಪಿತು. ಬೆಟ್ಟ ಮತ್ತೆ ಥರ್ಡ್‌ನಲ್ಲಿ ಹತ್ತುತ್ತದೆ. ಟಿಕ್ ಟಿಕ್ ಸಣ್ಣದಾಗಿ ಇದೆ, ಮನೆಯಲ್ಲಿ ಕೇಳಿದವರು "ರಿಪೇರಿ ಮಾಡಿಸಿದ್ದು ಇದೇನಾ?" ಅಂತ ನಗುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಆ ಗ್ಯಾಸ್ಕೆಟ್‌ಗೆ ಕಟ್. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತಾರೆ. ಹೋಗುವವರು ಹಿಂದಿನ ಸಂಜೆ ಆರರೊಳಗೆ ಗಾಡಿ ಬಿಟ್ಟು ಬನ್ನಿ, ಬೆಳಗ್ಗೆ ಓಡಿಸಿಕೊಂಡು ಹೋದರೆ ವಾಪಸ್ ಕಳಿಸುತ್ತಾರೆ.