ಗಾಜಿನ ಕೋಣೆ ತೆಗೆಸುವ ಮುಂಚೆ ನೆಲದ ವಾಟ ನೋಡಿ

ಮೈಸೂರಿನ ನಮ್ಮ ಮನೆಯ ಹಿಂಬದಿಗೆ ಗಾಜಿನ ಕೋಣೆ ಇತ್ತು. 2008ರಲ್ಲಿ ಆಸೆಪಟ್ಟು ಕಟ್ಟಿಸಿದ್ದು. ಪಶ್ಚಿಮದ ಬಿಸಿಲು ನೇರ ಬೀಳುತ್ತಿತ್ತು. ಮಾರ್ಚ್ ಬಂದರೆ ಮಧ್ಯಾಹ್ನ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಹೋದ ವರ್ಷ ಗಾಜು, ಅಲ್ಯೂಮಿನಿಯಂ ಫ್ರೇಮು ಎಲ್ಲ ತೆಗೆಸಿ, ಕಬ್ಬಿಣದ ಪೈಪಿನ ಚಪ್ಪರ ಹಾಕಿಸಿ, ಮೇಲೆ ಶೇಡ್ ನೆಟ್ ಕಟ್ಟಿಸಿದೆವು. ಸಂಜೆ ಕಾಫಿ ಅಲ್ಲೇ. ಅಮ್ಮ ಸೊಪ್ಪು ಬಿಡಿಸುವುದೂ ಅಲ್ಲೇ.

ಏಪ್ರಿಲ್ ಕೊನೆಯಲ್ಲಿ ಮೊದಲ ಮಳೆ ಬಂತು, ಜೋರು ಗಾಳಿಯೊಂದಿಗೆ. ಅರ್ಧ ಗಂಟೆಯಲ್ಲಿ ಹಾಲ್ ತುಂಬ ನೀರು. ನೋಡಿದರೆ, ಚಪ್ಪರದ ಕೆಳಗಿನ ನೆಲ ಹಾಲ್‌ನ ಮಟ್ಟಕ್ಕೇ ಇತ್ತು. ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಇರಲೇ ಇಲ್ಲ. ಮೊದಲು ಅದು ಒಳಕೋಣೆ, ವಾಟ ಯಾಕೆ ಬೇಕಿತ್ತು ಅಲ್ವಾ? ಗಾಜು ಹೋದ ದಿನವೇ ನೆಲ, ಬಾಗಿಲು, ಸ್ವಿಚ್ ಬೋರ್ಡು ಎಲ್ಲ ಬಯಲಿಗೆ ಬಿದ್ದಿದ್ದವು. ನಮಗೆ ಹೊಳೆಯಲಿಲ್ಲ. ಕಂಟ್ರಾಕ್ಟರ್ ಹೇಳಲಿಲ್ಲ.

ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಅಮ್ಮ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಅವರನ್ನು ಎತ್ತುವಾಗ ನನ್ನ ಕೈ ಒದ್ದೆ ಗೋಡೆಗೆ ತಾಗಿ ಜುಮ್ಮೆಂದಿತು. ಬೋರ್ಡಿನೊಳಗೆ ನೀರು ಇಳಿದಿತ್ತು. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಪ್ಲೈವುಡ್ ಬಾಗಿಲು (ಫ್ಲಶ್ ಡೋರ್) ಊದಿ ಮುಚ್ಚಲೂ ಬರಲಿಲ್ಲ.

"ಗಾಜು ತೆಗೆಯಿರಿ ಅಂದಿರಿ, ತೆಗೆದೆ. ನೆಲದ ಕೆಲಸ ಕೊಟೇಶನ್‌ನಲ್ಲಿ ಇಲ್ಲ ಸರ್" ಎಂದರು ಕಂಟ್ರಾಕ್ಟರ್. ನಿಜ, ಇರಲಿಲ್ಲ. ಆದರೆ ಹತ್ತಾರು ಮನೆ ಕೆಲಸ ಮಾಡಿದವರಿಗೆ ಇದು ಗೊತ್ತಿರಬೇಕಿತ್ತು.

ನೀವು ಇಂಥ ಕೆಲಸ ಮಾಡಿಸುವುದಾದರೆ, ಮುಂಗಡ ಕೊಡುವ ಮುಂಚೆ ಆ ಕೋಣೆಯಲ್ಲಿ ಎರಡು ಬಕೆಟ್ ನೀರು ಸುರಿಯಿರಿ. ಎಲ್ಲಿಗೆ ಹರಿಯುತ್ತದೆ ನೋಡಿ. 10 ಅಡಿಗೆ ಸುಮಾರು ಒಂದೂಕಾಲು ಇಂಚು ವಾಟ ಹೊರಗಡೆಗೆ ಬೇಕು. ಹೊರಗಿನ ನೆಲ ಹಾಲ್‌ಗಿಂತ ತಗ್ಗಿರಬೇಕು. ಹಳೇ ಟೈಲ್ಸ್ ಮೇಲೆ ಹೊಸದು ಕೂರಿಸುತ್ತೇವೆ ಅಂದರೆ ಒಪ್ಪಬೇಡಿ, ನೆಲ ಇನ್ನೂ ಏರುತ್ತದೆ. ಟೈಲ್ಸ್ ತರಿತರಿಯಾಗಿರಲಿ. ಸ್ವಿಚ್ ಬೋರ್ಡನ್ನು ಒಳಗೋಡೆಗೆ ಸರಿಸಿ, ಆ ಲೈನಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್‌ನ ಇಎಲ್‌ಸಿಬಿ ಹಾಕಿಸಿ. ಇದೆಲ್ಲ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ನಾವು ಜೂನ್‌ನಲ್ಲಿ ಮತ್ತೆ ನೆಲ ಒಡೆಸಿದೆವು. ಆ ಖರ್ಚು ಚಪ್ಪರದ ಖರ್ಚಿಗಿಂತ ಜಾಸ್ತಿ ಆಯಿತು. ಅಮ್ಮನಿಗೆ ಇನ್ನೂ ಆ ಕೈಯಲ್ಲಿ ತುಂಬಿದ ಕೊಡ ಎತ್ತಲು ಆಗುವುದಿಲ್ಲ.